ಹನ್ನೆರಡು ಅಡಿ, ಮೂರು ತುಂಡು

ಮಂಡಿ ಮೊಹಲ್ಲಾದಲ್ಲಿ, ಬೀಗ ರಿಪೇರಿಯವನ ಪಕ್ಕ,
ಬಲೆಯನ್ನೇ ಪರದೆ ಮಾಡಿಕೊಂಡ ಅಂಗಡಿ.
ಒಳಗೆ ಜಬ್ಬಾರ್ ಸಾಬರು
ಗಾತ್ರ ನೋಡಿ ಗಾಳಗಳನ್ನು ಡಬ್ಬಿಗೆ ಹಾಕುತ್ತಾ
ತಲೆ ಎತ್ತದೆ ಕೇಳಿದರು: "ಕೆರೆಗೋ, ಹೊಳೆಗೋ?"

ಕಡಲಿಗೆ, ಅಂದೆ.

ಆಗ ತಲೆ ಎತ್ತಿದರು.
ಖಾಕಿ ನೋಡಿದರು, ಹೆಗಲ ಚರ್ಮದ ಬ್ಯಾಗು ನೋಡಿದರು,
"ಮೈಸೂರಲ್ಲಿ ನಿಂತುಕೊಂಡು?" ಅಂದರು.

ಹೇಳಿದೆ. ನಾನು ಮಂಗಳೂರು ರೂಟಿನ ಕಂಡಕ್ಟರು,
ವಾರಕ್ಕೆ ಮೂರು ರಾತ್ರಿ ಅಲ್ಲೇ ಹಾಲ್ಟು.
ಬೆಳಗಿನ ಜಾವ, ಡ್ರೈವರ್ ಚಿಕ್ಕಬೋರಣ್ಣ
ಗೊರಕೆಯ ಮೂರನೇ ಗೇರಿನಲ್ಲಿರುವಾಗ,
ನಾನೊಬ್ಬನೇ ಹೋಗಿ ಮರಳಲ್ಲಿ ನಿಲ್ಲುತ್ತೇನೆ.
ಅಲ್ಲಿ ಲುಂಗಿ ಎತ್ತಿಕಟ್ಟಿದ ಒಬ್ಬಾತ
ಉದ್ದನೆ ಕೋಲನ್ನು ಹಿಂದಕ್ಕೆ ಬಾಗಿಸಿ ಬೀಸುತ್ತಾನೆ.
ಸೀಸ ಎಲ್ಲಿ ಬಿತ್ತೆಂದು ನನಗೆ ಕಾಣುವುದೇ ಇಲ್ಲ.
ಅವನಿಗೆ ಕಾಣುತ್ತದೆ.
ಅಷ್ಟಕ್ಕೇ ಬಂದೆ.
ಮೀನು ನಮ್ಮನೆಯಲ್ಲಿ ಅಷ್ಟಾಗಿ ಯಾರೂ ತಿನ್ನುವುದಿಲ್ಲ.

ಮೊದಲು ತೆಗೆದದ್ದು ಕರೀ ಕಾರ್ಬನ್ನು.
ಕೈಗೆ ಬಂದರೂ ಬಂದದ್ದೇ ತಿಳಿಯದಷ್ಟು ಹಗುರ.
ಬೆಲೆ ಕೇಳಿ ವಾಪಸ್ಸು ಕೊಟ್ಟೆ,
ಅಳುವ ಕೂಸನ್ನು ಅದರ ತಾಯಿಗೆ ಕೊಟ್ಟ ಹಾಗೆ.

ಆಮೇಲೆ ಒಂದರೊಳಗೊಂದು ನುಗ್ಗುವ ಕೋಲು.
ಮುಚ್ಚಿದರೆ ಎರಡು ಮೊಳ, ಎಳೆದರೆ ಸೂರಿಗೆ ತಗಲುತ್ತದೆ.
"ಬಸ್ಸಿಗೆ ಇದೇ ಸರಿ" ಅಂದೆ.
"ಬಸ್ಸಿಗೆ ಸರಿ, ಮರಳಿಗೆ ತಪ್ಪು" ಅಂದರು.
"ಸಂದಿಗೆ ಎರಡು ಕಾಳು ಮರಳು ಹೋಗಲಿ,
ಒಳಗೂ ಹೋಗಲ್ಲ, ಹೊರಗೂ ಬರಲ್ಲ,
ಫುಟ್‌ಬೋರ್ಡಲ್ಲಿ ನಿಂತ ಪ್ಯಾಸೆಂಜರ್ ಥರ."

ಕೊನೆಗೆ ಅಟ್ಟದಿಂದ ಇಳಿಸಿದ್ದು ಇದು:
ಹನ್ನೆರಡು ಅಡಿ, ಮೂರು ತುಂಡು,
ತುಂಡಿಗೆ ನಾಲ್ಕಡಿ. ಡ್ರೈವರ್ ಸೀಟಿನ ಹಿಂದೆ
ಓರೆಯಾಗಿ ನಿಲ್ಲುತ್ತದೆ.
ತೂಕ ಸ್ವಲ್ಪ ಜಾಸ್ತಿ. "ಮೊದಲನೇದು
ತಪ್ಪು ತಡ್ಕೊಬೇಕು, ಮೀನು ಆಮೇಲೆ" ಅಂದರು.

ರೀಲು ಆರಿಸುವಾಗ ಮಾತೇ ಇಲ್ಲ.
ಐದು ಸಾವಿರ ನಂಬರಿನದನ್ನು ಕಿವಿಗೆ ಹಿಡಿದು
ಕಣ್ಣು ಮುಚ್ಚಿ ತಿರುಗಿಸಿದರು,
ತೆಂಗಿನಕಾಯಿ ಅಲ್ಲಾಡಿಸಿ ನೀರು ಕೇಳುವವರ ಹಾಗೆ.
ಒಂದನ್ನು ಬದಿಗಿಟ್ಟರು. ಇನ್ನೊಂದನ್ನೂ.
ಮೂರನೆಯದನ್ನು ನನ್ನ ಕಿವಿಗೆ ಹಿಡಿದರು.
ಏನೂ ಕೇಳಿಸಲಿಲ್ಲ.
"ಅದೇ" ಅಂದರು.

"ಪ್ರತಿ ಸಲ ಸಿಹಿನೀರಲ್ಲಿ ತೊಳೀರಿ. ಉಪ್ಪಿಗೆ ಕರುಣೆ ಇಲ್ಲ."
ಕಡಲು ಎಷ್ಟು ಸಲ ನೋಡಿದ್ದೀರಿ ಸಾಬ್ರೇ?
"ಒಂದೇ ಸಲ. ರಾತ್ರಿ ಹೋಗಿ ರಾತ್ರಿಯೇ ಬಂದೆ.
ಸದ್ದು ಮಾತ್ರ ನೋಡಿದೀನಿ."

ಎರಡು ತಿಂಗಳ ಓಟಿ ದುಡ್ಡು ಎಣಿಸಿ ಕೊಟ್ಟೆ. ಚಿಲ್ಲರೆ
ನಾನೇ ಕೊಟ್ಟೆ, ಅಭ್ಯಾಸಬಲ.

ವಾರದ ರಜೆಗೆ ಮಂಡ್ಯದ ಆಚೆ ನಮ್ಮೂರು.
ಭತ್ತ ಕುಯ್ದ ಬಯಲು, ಕೂಳೆ, ಬೆಳ್ಳಕ್ಕಿ.
ಗಾಳ ಕಟ್ಟಲಿಲ್ಲ, ಬರೀ ನೂರು ಗ್ರಾಂ ಸೀಸ.
ತೋರುಬೆರಳಲ್ಲಿ ದಾರ ಹಿಡಿದು ಬೀಸಿದೆ.
ಬೇಗ ಬಿಟ್ಟೆ: ಸೀಸ ಆಕಾಶ ನೋಡಿಕೊಂಡು ಬಂತು.
ತಡ ಮಾಡಿದೆ: ಕಾಲ ಬುಡದಲ್ಲೇ ಹೂತಿತು.
ಏಳು ಸಲ. ಎಂಟು. ಹೆಗಲು ಬಿದ್ದುಹೋಯಿತು.

ಒಂಬತ್ತನೇ ಸಲ ಬಾಯಿ ತಾನಾಗೇ ಅಂದಿತು,
ಕೋಲು ಹಿಂದಿರುವಾಗ ಹೋಲ್ಡಾನ್,
ನೆತ್ತಿ ದಾಟುವಾಗ ರೈಟ್!
ಇಪ್ಪತ್ತು ವರ್ಷದಿಂದ ಆ ಮಾತು ಕೇಳಿದ ಬೆರಳು
ಬಾಗಿಲು ಬಿಟ್ಟಂತೆ ಬಿಟ್ಟಿತು.

ರೀಲು ಹಾಡಲಿಲ್ಲ, ಗೀಡಲಿಲ್ಲ, ಸುಮ್ಮನೆ ಖಾಲಿಯಾಗುತ್ತಾ ಹೋಯಿತು.
ನಮ್ಮ ಬದು ದಾಟಿ, ಕಾಲುವೆ ದಾಟಿ,
ದೇವೀರಮ್ಮನ ಹುಲ್ಲುಬಣವೆಗೆ ಹೋಗಿ ತಪ್ಪನೆ ಕೂತಿತು.
"ಯಾವ್ ಮೀನ್ಲಾ ಅದು, ನನ್ ಹುಲ್ಲಲ್ಲಿ?"

ನನಗೆ ಕಂಡಿತು, ಅದು ಬಿದ್ದ ಜಾಗ.

ಎಳೆದೆ. ತುದಿ ಮೊದಲ ಸಲ ಬಾಗಿತು.
ಒಂದು ಹಿಡಿ ಹುಲ್ಲು ಕೂಳೆಯ ಮೇಲೆ ತಡವರಿಸುತ್ತಾ
ನನ್ನ ಕಡೆಗೆ ಬರತೊಡಗಿತು.
ಹಿಂದೆಯೇ ಮೂರು ಬೆಳ್ಳಕ್ಕಿ,
ಟಿಕೆಟ್ ತಗೊಂಡವರ ಹಾಗೆ.